ಹಿತ್ತಲಿನ ಕೊಳದಿಂದ ಹೊರಟ ಅಂತರಗಂಗೆ

ಹೋದ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಹಿತ್ತಲಿನ ಮೀನಿನ ಹೊಂಡಕ್ಕೆ ನಾಲ್ಕು ತೇಲುವ ಗಿಡ ತಂದು ಬಿಟ್ಟೆ. ಹೊಂಡ ದೊಡ್ಡದೇನಲ್ಲ. 12 ಅಡಿ ಉದ್ದ, 8 ಅಡಿ ಅಗಲ, ಸೊಂಟದಷ್ಟು ಆಳ, ಕೆಳಗೆ ಟಾರ್ಪಾಲು. ಒಳಗೆ ಒಂದಿಷ್ಟು ಕಾಟ್ಲಾ, ರೋಹು ಮರಿಗಳು. ರಸ್ತೆ ಬದಿಯ ನರ್ಸರಿಯಲ್ಲಿ ನೇರಳೆ ಹೂವು ಬಿಟ್ಟಿದ್ದ ಗಿಡ ನೋಡಿ ಆಸೆಯಾಯಿತು. 'ನೀರು ತಂಪಾಗಿರ್ತದೆ, ಮೀನಿಗೆ ನೆರಳು' ಎಂದು ಮಾರುವವರು ಹೇಳಿದರು. ಅದು ಸುಳ್ಳೂ ಅಲ್ಲ.

ಎರಡು ತಿಂಗಳಲ್ಲಿ ಹೊಂಡದಲ್ಲಿ ನೀರೇ ಕಾಣದ ಹಾಗಾಯಿತು. ಅಮ್ಮ ಹೂವು ನೋಡಿ ಖುಷಿಪಟ್ಟರು, ಅಕ್ಕಪಕ್ಕದವರು ಫೋಟೋ ತೆಗೆದುಕೊಂಡರು. ಮೋಡ ಕವಿದ ಮೂರು ದಿನ ಕಳೆದ ಮೇಲೆ ಒಂದು ಬೆಳಗಿನ ಜಾವ ಹೋಗಿ ಎಲೆ ಸರಿಸಿದರೆ ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ಮೀನು ತೇಲುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು.

ಸಿಟ್ಟಿನಲ್ಲಿ ಗಿಡಗಳನ್ನೆಲ್ಲ ಬುಟ್ಟಿಗೆ ತುಂಬಿ ಮನೆ ಹಿಂದಿನ ಹಳ್ಳಕ್ಕೆ ಎಸೆಯಲು ಹೊರಟೆ. ನಮ್ಮ ದೊಡ್ಡಪ್ಪ ಎದುರಾದರು. ವಯಸ್ಸಿನಲ್ಲಿದ್ದಾಗ ಊರ ಕೆರೆಗೆ ನೀರಗಂಟಿಯಾಗಿದ್ದವರು.

"ನಿಲ್ಲು ಮಗ. ಆ ಹಳ್ಳ ಎಲ್ಲಿಗೆ ಹೋಯ್ತದೆ?"

"ಕೆರೆಗೆ, ದೊಡ್ಡಪ್ಪ."

"ಮತ್ತೆ? ನಿನ್ನ ಹೊಂಡದ ಕಸ ಊರ ಕೆರೆಗೆ ಯಾಕೆ?"

ಬುಟ್ಟಿ ವಾಪಸ್ ತಂದೆ. ನಾನು ಆವತ್ತು ಮಾಡಲು ಹೊರಟಿದ್ದ ಕೆಲಸವನ್ನೇ 130 ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬರು ಮಾಡಿದ್ದರು ಎಂದು ಆಮೇಲೆ ಓದಿ ತಿಳಿಯಿತು. ಅದರ ಫಲ ಇವತ್ತಿಗೂ ಮುಗಿದಿಲ್ಲ. ತೇಲುವ ಗಿಡಗಳ ಚರಿತ್ರೆ ಓದುತ್ತಾ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ನದಿ, ಸರೋವರ, ಕೆರೆಗಳನ್ನು ಮುಚ್ಚಿದ ದೊಡ್ಡ ದೊಡ್ಡ ಹಾವಳಿಗಳು ಹಲವು ಸಲ ಯಾರದೋ ಸಣ್ಣ ಕೊಳದಿಂದಲೇ ಹೊರಟಿವೆ.

ಮೀನು ಯಾಕೆ ಸತ್ತವು?

ಮೊದಲು ಇದನ್ನು ಹೇಳಿಬಿಡುತ್ತೇನೆ. ಹೊಂಡ ಇಟ್ಟುಕೊಂಡವರಿಗೆ ಬೇಕಾಗುವ ವಿಷಯ.

ಹಗಲು ಹೊತ್ತು ನೀರಿನೊಳಗಿನ ಹಸಿರು ಪಾಚಿ ಬಿಸಿಲಿನ ಬಲದಿಂದ ಆಮ್ಲಜನಕ ತಯಾರಿಸಿ ನೀರಿಗೆ ಬಿಡುತ್ತದೆ. ರಾತ್ರಿ ಆ ತಯಾರಿಕೆ ಇಲ್ಲ, ಖರ್ಚು ಮಾತ್ರ. ಮೀನು, ಪಾಚಿ, ತಳದಲ್ಲಿ ಕೊಳೆಯುವ ಎಲೆ ಎಲ್ಲವೂ ಹಗಲಿನ ಉಳಿತಾಯವನ್ನು ತಿನ್ನುತ್ತವೆ. ಹಾಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೀನುಗಳು ಆ ಹೊತ್ತಿನಲ್ಲಿ ಮೇಲೆ ಬಂದು ಬಾಯಿ ಬಿಡುವುದು ಇದಕ್ಕೇ.

ತೇಲುವ ಗಿಡ ಹೊಂಡವನ್ನು ಪೂರ್ತಿ ಮುಚ್ಚಿದರೆ ಬಿಸಿಲು ನೀರಿಗಿಳಿಯುವುದಿಲ್ಲ, ಹಗಲಿನ ಸಂಪಾದನೆಯೂ ನಿಲ್ಲುತ್ತದೆ. ಗಿಡದ ಎಲೆ ನೀರಿನ ಮೇಲಿರುವುದರಿಂದ ಅದು ಬಿಡುವ ಆಮ್ಲಜನಕದ ಬಹುಪಾಲು ಗಾಳಿಗೆ ಹೋಗುತ್ತದೆ. ಉದುರಿದ ಎಲೆ ತಳದಲ್ಲಿ ಕೊಳೆತು ಇದ್ದಷ್ಟನ್ನೂ ತಿನ್ನುತ್ತದೆ. ಮೇಲೆ ಮೋಡದ ದಿನ ಸೇರಿದರೆ ಮುಗಿಯಿತು.

ಅದೇ ಗಿಡ ಕಾಲು ಭಾಗದಷ್ಟಿದ್ದರೆ ಒಳ್ಳೆಯದನ್ನೇ ಮಾಡುತ್ತದೆ. ಬೇಸಿಗೆಯಲ್ಲಿ ನೆರಳು ಕೊಡುತ್ತದೆ, ಕೊಕ್ಕರೆ ಕಣ್ಣಿನಿಂದ ಮರಿಗಳನ್ನು ಮರೆಮಾಡುತ್ತದೆ, ಮೀನಿನ ಹಿಕ್ಕೆಯ ಸತ್ವ ಹೀರಿ ನೀರು ತಿಳಿಯಾಗಿಸುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವ ಜಾತಿ ಅದಲ್ಲ.

ಅಮೆಜಾನಿನ ಹೂವು

ಅಂತರಗಂಗೆ ಎಂಬ ಹೆಸರಿನಿಂದ ನಮ್ಮಲ್ಲಿ ಎರಡು ಮೂರು ಗಿಡಗಳನ್ನು ಕರೆಯುತ್ತಾರೆ. ಪುಟ್ಟ ಎಲೆಕೋಸಿನ ಹಾಗೆ ಕಾಣುವ, ಹೂವು ಕಣ್ಣಿಗೇ ಬೀಳದ ಗಿಡ ಒಂದು. ಉಬ್ಬಿದ ತೊಟ್ಟು, ನೇರಳೆ ಹೂವಿನ ಗಿಡ ಇನ್ನೊಂದು. ನಾನು ತಂದಿದ್ದು ಈ ಎರಡನೆಯದು, ವಾಟರ್ ಹಯಸಿಂತ್.

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. 1820ರ ದಶಕದಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಮಾರ್ಟಿಯಸ್ ಇದನ್ನು ವಿವರಿಸಿ ಹೆಸರಿಟ್ಟ. ತವರಿನಲ್ಲಿ ಇದು ಇನ್ನೊಂದು ಗಿಡ ಅಷ್ಟೆ. ಇದನ್ನು ತಿನ್ನುವ ಹುಳುಗಳು ಅಲ್ಲೇ ಇವೆ. ಹೂವಿನ ಚೆಂದಕ್ಕೆ ಮರುಳಾದ ಜನ ಗಿಡವನ್ನು ಊರೂರಿಗೆ ಒಯ್ದರು, ತಿನ್ನುವ ಹುಳುವನ್ನು ಒಯ್ಯಲಿಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ ಸೇಂಟ್ ಜಾನ್ಸ್ ಎಂಬ ನದಿಯಿದೆ. 1890ರ ಸುಮಾರಿಗೆ ಪಲಾಟ್ಕಾ ಎಂಬ ಊರಿನ ಹತ್ತಿರ ಒಬ್ಬರು ತಮ್ಮ ಕೊಳದಲ್ಲಿ ಈ ಗಿಡ ಬೆಳೆಸಿದರು. ಕೊಳ ತುಂಬಿಹೋದಾಗ ಹೆಚ್ಚಾದದ್ದನ್ನು ತೆಗೆದು ನದಿಗೆ ಎಸೆದರು. ನದಿ ದಡದಲ್ಲಿ ಹೂವು ಅರಳಿದ್ದು ಕಂಡು ಜನ ಮೆಚ್ಚಿದರು. ದನಕ್ಕೆ ಮೇವಾಗುತ್ತದೆ ಎಂದು ಬೇರೆ ಹೊಳೆಗಳಿಗೆ ಒಯ್ದು ಬಿಟ್ಟವರೂ ಇದ್ದರು. ಏಳೇ ವರ್ಷದಲ್ಲಿ, 1897ಕ್ಕೆ, ಅಲ್ಲಿನ ಕೃಷಿ ಇಲಾಖೆ ಈ ಗಿಡದ ಮೇಲೆ ಪ್ರತ್ಯೇಕ ವರದಿಯನ್ನೇ ಹೊರಡಿಸಬೇಕಾಯಿತು. ಹಬೆದೋಣಿಗಳು ಮುಂದೆ ಹೋಗದೆ ನಿಲ್ಲುತ್ತಿದ್ದವು, ನದಿಯಲ್ಲಿ ತೇಲಿಬಿಡುವ ಮರದ ದಿಮ್ಮಿಗಳು ಸಿಕ್ಕಿಕೊಳ್ಳುತ್ತಿದ್ದವು. 1899ರಲ್ಲಿ ಗಿಡ ತೆಗೆಯುವ ಕೆಲಸವನ್ನು ಸೇನೆಯ ಎಂಜಿನಿಯರುಗಳಿಗೆ ವಹಿಸಿದರು.

ಜನ ಎಷ್ಟು ಕಂಗೆಟ್ಟಿದ್ದರು ಎಂಬುದಕ್ಕೆ ಒಂದು ಉದಾಹರಣೆ. 1910ರಲ್ಲಿ ಲೂಯಿಸಿಯಾನಾದ ಬ್ರೂಸಾರ್ಡ್ ಎಂಬ ಸಂಸದ, ಆಫ್ರಿಕಾದಿಂದ ನೀರಾನೆ ತರಿಸಿ ನದಿಗಳಿಗೆ ಬಿಡೋಣ ಎಂದು ಮಸೂದೆ ತಂದ. ನೀರಾನೆ ಗಿಡ ತಿನ್ನುತ್ತದೆ, ನಾವು ನೀರಾನೆ ತಿನ್ನಬಹುದು ಎಂಬುದು ಲೆಕ್ಕ. ಕೇಳಿದ್ದು 2,50,000 ಡಾಲರ್. ಮಸೂದೆ ಪಾಸಾಗಲಿಲ್ಲ.

ಬಂಗಾಳದಲ್ಲಿ ಚುನಾವಣೆಯ ವಿಷಯ

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಈ ಗಿಡ ಬಂಗಾಳಕ್ಕೂ ಬಂತು. ಅಲ್ಲಿಗೂ ಅದು ಬಂದದ್ದು ಅಲಂಕಾರದ ಗಿಡವಾಗಿಯೇ. ಬಂಗಾಳವೆಂದರೆ ನೀರಿನ ನಾಡು. ಮನೆ ಮನೆಗೆ ಕೊಳ, ಊರಿಂದೂರಿಗೆ ದೋಣಿ, ಪ್ರವಾಹದ ನೀರಿನ ಜೊತೆಗೇ ಎತ್ತರಕ್ಕೆ ಬೆಳೆಯುವ ಭತ್ತ. ಗಿಡಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಮಳೆಗಾಲದಲ್ಲಿ ನೆರೆ ಏರಿದಾಗ ಗಿಡದ ರಾಶಿ ತೇಲಿ ಬಂದು ಭತ್ತದ ಮೇಲೆ ಚಾಪೆ ಹಾಸಿದ ಹಾಗೆ ಕೂರುತ್ತಿತ್ತು. ಪೈರು ಅಡಿಯಲ್ಲೇ ಕೊಳೆಯುತ್ತಿತ್ತು. ಸೆಣಬು ಸಾಗಿಸುವ ದೋಣಿಗಳು ಕಾಲುವೆಯಲ್ಲೇ ಉಳಿಯುತ್ತಿದ್ದವು. ಬಂಗಾಳಿಗಳು ಇದನ್ನು ಕಚುರಿಪಾನ ಎಂದರು. ಮೊದಲ ಮಹಾಯುದ್ಧದ ಕಾಲದಲ್ಲಿ 'ಜರ್ಮನ್ ಪಾನ' ಎಂಬ ಹೆಸರೂ ಬಿತ್ತು, ಶತ್ರು ಕಳಿಸಿದ ಪೀಡೆ ಎನ್ನುವಂತೆ.

1921ರಲ್ಲಿ ಬಂಗಾಳ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಮುಖ್ಯಸ್ಥರು ಜಗದೀಶಚಂದ್ರ ಬೋಸ್. ಗಿಡಗಳೂ ನೋವು ನಲಿವಿಗೆ ಸ್ಪಂದಿಸುತ್ತವೆ ಎಂದು ಲೋಕಕ್ಕೆ ತೋರಿಸಿದ ವಿಜ್ಞಾನಿಗೆ ಒಂದು ಗಿಡದ ಕಾಟ ಬಿಡಿಸುವ ಕೆಲಸ ಬಂತು. 1936ರಲ್ಲಿ 'ಬಂಗಾಳ ವಾಟರ್ ಹಯಸಿಂತ್ ಕಾಯ್ದೆ'ಯೇ ಬಂತು. ಒಂದು ಹೂವಿನ ಗಿಡದ ಹೆಸರಿನಲ್ಲೇ ಕಾಯ್ದೆ! 1937ರ ಚುನಾವಣೆಯಲ್ಲಿ ಕಚುರಿಪಾನ ತೊಲಗಿಸುತ್ತೇವೆ ಎಂಬ ಭರವಸೆ ಪಕ್ಷಗಳ ಪ್ರಣಾಳಿಕೆಗೂ ಹೋಯಿತು. ಗೆದ್ದು ಬಂದ ಫಜಲುಲ್ ಹಕ್ ಸರ್ಕಾರ ಊರೂರಲ್ಲಿ ಜನರನ್ನು ನೀರಿಗಿಳಿಸಿ ಗಿಡ ತೆಗೆಸುವ ಆಂದೋಲನ ನಡೆಸಿತು.

ತೆಗೆದರು, ಮತ್ತೆ ಬಂತು. ಕಾರಣವೂ ಇದೆ. ಈ ಗಿಡ ಬಳ್ಳಿ ಚಾಚಿ ಮರಿ ಹಾಕುತ್ತದೆ, ಒಳ್ಳೆಯ ಸತ್ವದ ನೀರಿನಲ್ಲಿ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ಜೊತೆಗೆ ಬೀಜವನ್ನೂ ಉದುರಿಸುತ್ತದೆ. ಆ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದು ಕೂರಬಲ್ಲದು. ಇಮ್ಮಡಿಯ ಲೆಕ್ಕವನ್ನು ನಾವು ಸರಿಯಾಗಿ ಹಾಕುವುದಿಲ್ಲ. ಹೊಂಡ ಅರ್ಧ ಮುಚ್ಚಿದ್ದಾಗ 'ಇನ್ನೂ ಅರ್ಧ ಖಾಲಿ ಇದೆಯಲ್ಲ' ಎನ್ನುತ್ತೇವೆ. ಪೂರ್ತಿ ಮುಚ್ಚಲು ಇನ್ನೊಂದೇ ಇಮ್ಮಡಿ ಸಾಕು. ನಾನೂ ಹಾಗೇ ಮೋಸಹೋದೆ.

ಕಾಲೇಜಿನ ಗಿಡ, ಕುಟ್ಟನಾಡಿನ ಕಷ್ಟ

ಎರಡನೆಯ ಕಥೆ ಸಾಲ್ವೀನಿಯಾ ಎಂಬ ತೇಲುವ ಜರೀಗಿಡದ್ದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎಲೆಯ ಮೇಲೆ ಸಣ್ಣ ರೋಮ, ನೀರು ಹಾಕಿದರೆ ಜಾರಿ ಹೋಗುತ್ತದೆ. ಮೀನಿನ ತೊಟ್ಟಿಗೆ ಚೆಂದ ಕಾಣುವ ಗಿಡ.

ಇದು 1939ರಲ್ಲಿ ಕೊಲಂಬೋದ ಯೂನಿವರ್ಸಿಟಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಪಾಠಕ್ಕೆಂದು ಬಂತು. ಅಲ್ಲಿಂದ ತಪ್ಪಿಸಿಕೊಂಡು ಸಿಲೋನಿನ ಕಾಲುವೆ, ಗದ್ದೆಗಳಿಗೆ ಹರಡಿತು. 1950ರ ದಶಕದಲ್ಲಿ ಕೇರಳದಲ್ಲೂ ಕಂಡಿತು. ಅಲ್ಲಿ ಅದರ ಹೆಸರು ಆಫ್ರಿಕನ್ ಪಾಯಲ್. ಆಫ್ರಿಕಾಕ್ಕೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ, ತವರು ಬ್ರೆಜಿಲ್.

ಕುಟ್ಟನಾಡು ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಸೀಮೆ. ಪೇಟೆಗೆ ಹೋಗಲು, ಶಾಲೆಗೆ ಹೋಗಲು, ಆಸ್ಪತ್ರೆಗೆ ಹೋಗಲು ದೋಣಿಯೇ ಬಸ್ಸು. ಪಾಯಲ್ ಕಾಲುವೆ ಮುಚ್ಚಿದ ಮೇಲೆ ಹುಟ್ಟು ಹಾಕುವುದೇ ಕಷ್ಟವಾಯಿತು. ನಾಟಿಗೆ ಮೊದಲು ಗದ್ದೆಗೆ ನುಗ್ಗಿದ ಪಾಯಲ್ ಹೊರಹಾಕಲು ಪ್ರತಿ ವರ್ಷ ಕೂಲಿ ಖರ್ಚು. ಈ ಗಿಡಕ್ಕೆ ಮೊಳೆಯುವ ಬೀಜವಿಲ್ಲ, ಬೀಜಕಣವೂ ಇಲ್ಲ. ತುಂಡಾದರೆ ತುಂಡೇ ಗಿಡವಾಗುತ್ತದೆ. ಅಂದರೆ ಆಳು ಹಚ್ಚಿ ಎಳೆದು ಹರಿದಷ್ಟೂ ಹೊಸ ಗಿಡ.

ಹೆಸರು ತಪ್ಪಿದ್ದಕ್ಕೆ ಮದ್ದೂ ತಪ್ಪಿತು

ಗಿಡ ತಿನ್ನುವ ಹುಳುವನ್ನು ತವರಿನಿಂದ ತರೋಣ ಎಂದು 1960ರ ದಶಕದಲ್ಲೇ ವಿಜ್ಞಾನಿಗಳು ಹೊರಟಿದ್ದರು. ತಂದ ಹುಳುಗಳು ಕೆಲಸ ಮಾಡಲಿಲ್ಲ. ಯಾಕೆ ಎಂದು ತಿಳಿಯಲು ವರ್ಷಗಳೇ ಹಿಡಿದವು. ಇದನ್ನು ಅದೇ ಜಾತಿಯ ಬೇರೊಂದು ಗಿಡವೆಂದು ತಿಳಿದು, ಆ ಗಿಡದ ಮೇಲಿನ ಹುಳು ತಂದಿದ್ದರು. ಇದು ಪ್ರತ್ಯೇಕ ಜಾತಿ ಎಂದು 1972ರಲ್ಲಿ ಮಿಚೆಲ್ ಎಂಬ ವಿಜ್ಞಾನಿ ಬೇರೆ ಹೆಸರು ಕೊಟ್ಟ. ಆಮೇಲೆ ಇದರ ನಿಜವಾದ ತವರು ಆಗ್ನೇಯ ಬ್ರೆಜಿಲ್ ಎಂದು ಆಸ್ಟ್ರೇಲಿಯಾದ ತಂಡ 1978ರಲ್ಲಿ ಪತ್ತೆ ಮಾಡಿತು. ಅಲ್ಲಿ ಗಿಡದ ಮೊಗ್ಗು ತಿನ್ನುವ ಒಂದು ಪುಟ್ಟ ಮೂತಿಹುಳು ಸಿಕ್ಕಿತು. ತೆಂಗಿಗೆ ಬೀಳುವ ಕೆಂಪು ಮೂತಿಹುಳು ನಮಗೆಲ್ಲ ಗೊತ್ತು. ಇದು ಅದರ ದೂರದ ನೆಂಟ, ಉದ್ದ ಬರೀ ಎರಡು ಮಿಲಿಮೀಟರ್. ಬೇರೆ ಬೆಳೆಯ ತಂಟೆಗೆ ಹೋಗುವುದಿಲ್ಲ.

1980ರಲ್ಲಿ ಆಸ್ಟ್ರೇಲಿಯಾದ ಮೌಂಟ್ ಐಸಾ ಪಟ್ಟಣದ ಮೂನ್‌ಡಾರಾ ಸರೋವರಕ್ಕೆ ಇದನ್ನು ಬಿಟ್ಟರು. ಒಂದು ವರ್ಷದ ಮೇಲೆ ಕೆಲವೇ ತಿಂಗಳಲ್ಲಿ ಸುಮಾರು 18,000 ಟನ್ ಸಾಲ್ವೀನಿಯಾ ಕಂದುಬಣ್ಣಕ್ಕೆ ತಿರುಗಿ ಮುಳುಗಿತು. ಆ ಕೆಲಸಕ್ಕೆ 1985ರಲ್ಲಿ ಯುನೆಸ್ಕೋ ವಿಜ್ಞಾನ ಪ್ರಶಸ್ತಿ ಬಂತು.

ನಮ್ಮ ರಾಜ್ಯಕ್ಕೆ ಸೇರಿದ ಭಾಗ ಇನ್ನು ಮುಂದೆ ಇದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆಸ್ಟ್ರೇಲಿಯಾದಿಂದ ಈ ಹುಳು ತರಿಸಿದರು. 1983-84ರಲ್ಲಿ ಅದನ್ನು ಬೆಂಗಳೂರಿನಲ್ಲಿ ಬಿಟ್ಟಿದ್ದು ದೊಡ್ಡ ಕೆರೆಗಲ್ಲ, ಒಂದು ನೈದಿಲೆ ಕೊಳಕ್ಕೆ. ಸಾಲ್ವೀನಿಯಾ ಕವಿದು ಆ ಕೊಳದ ನೈದಿಲೆ ನೆಲಕಚ್ಚಿತ್ತು. ಹುಳು ಬಿಟ್ಟ 11 ತಿಂಗಳಲ್ಲಿ ಸಾಲ್ವೀನಿಯಾ ಕುಸಿಯಿತು, ನೈದಿಲೆ ಮತ್ತೆ ಮೇಲೆದ್ದಿತು. ಆ ಹೊತ್ತಿನಲ್ಲೇ ಕೇರಳ ಕೃಷಿ ವಿಶ್ವವಿದ್ಯಾಲಯದವರು ಕುಟ್ಟನಾಡಿನ ಕಡೆ ಇದೇ ಹುಳು ಹರಡಿದರು. ಕೆಲವೇ ವರ್ಷಗಳಲ್ಲಿ ಪಾಯಲ್ ತುಂಬಿ ಬಿಟ್ಟುಬಿಟ್ಟಿದ್ದ ಕಾಲುವೆಗಳಲ್ಲಿ ಮತ್ತೆ ದೋಣಿ ಓಡಿದವು.

ಸಣ್ಣ ಕೊಳಗಳಿಂದ ಹೊರಟ ಹಾವಳಿಗೆ ನಮ್ಮ ದೇಶದಲ್ಲಿ ಮದ್ದು ಫಲ ಕೊಟ್ಟಿದ್ದೂ ಒಂದು ಸಣ್ಣ ಕೊಳದಲ್ಲಿ ಎಂಬುದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ನೇರಳೆ ಹೂವಿನ ಅಂತರಗಂಗೆಗೂ ಅದೇ ಕಾಲದಲ್ಲಿ ಬೇರೆ ಎರಡು ಮೂತಿಹುಳು ತಂದು ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಕೆಲವು ಕೆರೆಗಳಲ್ಲಿ ಫಲ ಸಿಕ್ಕಿತು. ಆದರೆ ಚರಂಡಿ ನೀರು ಹರಿದು ಬರುವ ಕೆರೆಯಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಬೆಳೆಯುತ್ತದೆ. ಹೊಲಸಿನ ಸತ್ವ ನಿಲ್ಲದೆ ಗಿಡ ನಿಲ್ಲುವುದಿಲ್ಲ.

ತಿನ್ನುವವರಿದ್ದರೆ ಬೆಳೆ, ಇಲ್ಲದಿದ್ದರೆ ಕಳೆ

ಹಾಗಾದರೆ ತೇಲುವ ಗಿಡಗಳೆಲ್ಲ ಕೆಟ್ಟವೇ? ಅಲ್ಲ. ಅಜೋಲಾವನ್ನು ನೋಡಿ. ಹಸುಗಳಿಗೆ ಹಾಕಲು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಹಿಂದೆ ಅಜೋಲಾ ತೊಟ್ಟಿ ಇದೆ. ವಿಯೆಟ್ನಾಂ ಮತ್ತು ಚೀನಾದ ರೈತರು ಇದನ್ನು ಶತಮಾನಗಳಿಂದ ಗದ್ದೆಗೊಬ್ಬರವಾಗಿ ಬೆಳೆಸಿದ್ದಾರೆ. ಇದರ ಎಲೆಯೊಳಗೆ ವಾಸ ಮಾಡುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ರೈತರು ಇದನ್ನು ಮಡಿಯಲ್ಲಿ ಉಳಿಸಿಕೊಂಡು, ಹದ ನೋಡಿ ಗದ್ದೆಗೆ ಬಿಟ್ಟು, ಕೆಸರಿಗೆ ತುಳಿಯುತ್ತಿದ್ದರು. ಚೀನಾದ ಚಿಂಗ್‌ಟಿಯನ್ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಭತ್ತದ ಗದ್ದೆಯಲ್ಲೇ ಮೀನು ಸಾಕುತ್ತಾರೆ. 2005ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅದನ್ನು ಜಗತ್ತಿನ ಕೃಷಿ ಪರಂಪರೆಗಳಲ್ಲಿ ಒಂದೆಂದು ಗುರುತಿಸಿತು.

ಇದೇ ಅಜೋಲಾದ ಒಂದು ಜಾತಿ 1940ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾ ಸೇರಿತು. ಅಲ್ಲಿ ಅದನ್ನು ಕೊಯ್ಯುವವರೂ ಇರಲಿಲ್ಲ, ತಿನ್ನುವವರೂ ಇರಲಿಲ್ಲ. ದನ ನೀರು ಕುಡಿಯುವ ಕಟ್ಟೆಗಳ ಮೇಲೆ ಕೆಂಪು ಕಂಬಳಿ ಹೊದಿಸಿದ ಹಾಗೆ ಹರಡಿತು. ಕೊನೆಗೆ 1997ರಲ್ಲಿ ಅಲ್ಲೂ ಒಂದು ಮೂತಿಹುಳು ತಂದು ಬಿಡಬೇಕಾಯಿತು.

ಕಚುರಿಪಾನದಿಂದ ಬೇಸತ್ತ ಬಂಗಾಳದಲ್ಲೇ ಇನ್ನೊಂದು ಉದಾಹರಣೆ ಇದೆ. ಇಂದಿನ ಬಾಂಗ್ಲಾದೇಶದ ಪಿರೋಜ್‌ಪುರ, ಬಾರಿಸಾಲ್, ಗೋಪಾಲ್‌ಗಂಜ್ ಕಡೆಯ ರೈತರು ಅದೇ ಗಿಡವನ್ನು ಅಟ್ಟಿ ಹಾಕಿ ನೀರಿನ ಮೇಲೆ ತೇಲುವ ಮಡಿ ಮಾಡಿ ತರಕಾರಿ, ಸಸಿ ಬೆಳೆಯುತ್ತಾರೆ. 2015ರಲ್ಲಿ ಇದಕ್ಕೂ ಅಂಥದೇ ಮನ್ನಣೆ ಸಿಕ್ಕಿತು. ಎಲ್ಲ ಕಡೆ ಗಿಡದ ಗುಣ ಒಂದೇ. ಅದನ್ನು ಪ್ರತಿ ವಾರ ತೆಗೆಯುವ ಕೈ, ತಿನ್ನುವ ಬಾಯಿ ಇದೆಯೇ ಎಂಬುದರಲ್ಲಿ ವ್ಯತ್ಯಾಸ.

ನಮ್ಮ ಹೊಂಡದಲ್ಲಿ ಈಗ

ಆ ಬುಟ್ಟಿಯ ಗಿಡವನ್ನು ಬಂಡೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಿ, ಆಮೇಲೆ ತಿಪ್ಪೆಗೆ ಹಾಕಿದೆ. ನೀರು ಹರಿಯುವ ಕಡೆ ಒಂದು ಬೇರೂ ಹೋಗದ ಹಾಗೆ ನೋಡಿಕೊಂಡೆ. ಹೊಂಡವನ್ನು ಬಸಿದು, ಬೀಜ ಉಳಿದಿರಬಹುದೆಂದು ತಳದ ಕೆಸರನ್ನೂ ತೆಗೆದು ಒಣಗಲು ಬಿಟ್ಟೆ.

ಈಗ ಹೊಂಡದಲ್ಲಿ ಅಜೋಲಾ ಇದೆ. ಪಿವಿಸಿ ಪೈಪನ್ನು ಚೌಕವಾಗಿ ಜೋಡಿಸಿ ನೀರಿನ ಮೇಲೆ ತೇಲಿಬಿಟ್ಟಿದ್ದೇನೆ. ಅಜೋಲಾ ಆ ಚೌಕದ ಒಳಗೇ ಇರಬೇಕು, ಹೊಂಡದ ಕಾಲು ಭಾಗ ಮೀರಬಾರದು. ಎರಡು ದಿನಕ್ಕೊಮ್ಮೆ ಒಂದು ಜರಡಿ ತೆಗೆದು ಸ್ವಲ್ಪ ಹಸುವಿಗೆ, ಸ್ವಲ್ಪ ಚೌಕದ ಹೊರಗೆ ಮೀನಿಗೆ. ಈ ಸಲ ನಾಲ್ಕು ಹುಲ್ಲುಗೆಂಡೆ ಬಿಟ್ಟಿದ್ದೇನೆ, ಹೊರಗೆ ಬಿದ್ದಿದ್ದನ್ನು ಅವು ಉಳಿಸುವುದಿಲ್ಲ. ಹೊಂಡ ಉಕ್ಕಿ ನೀರು ಹೊರಹೋಗುವ ಬಾಯಿಗೆ ಸೊಳ್ಳೆಪರದೆಯ ಬಲೆ ಕಟ್ಟಿದ್ದೇನೆ. ಮಳೆ ಬಂದ ದಿನ ಅದರಲ್ಲಿ ಸಿಕ್ಕಿದ್ದನ್ನು ಬಿಡಿಸಿ ತಿಪ್ಪೆಗೆ ಹಾಕುವುದು ಅಮ್ಮನ ಕೆಲಸ.

ನೀವೂ ಹೊಂಡ ಇಟ್ಟುಕೊಂಡಿದ್ದರೆ, ಗಿಡ ತರುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ತಿನ್ನುವವರು ಮನೆಯಲ್ಲಿ ಯಾರಿದ್ದಾರೆ? ನಮ್ಮ ಹೊಂಡ ಉಕ್ಕಿದರೆ ನೀರು ಎಲ್ಲಿಗೆ ಹೋಗುತ್ತದೆ? ಎರಡನೆಯದಕ್ಕೆ ಹೆಚ್ಚಿನ ಊರುಗಳಲ್ಲಿ ಉತ್ತರ ಒಂದೇ, ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಆ ಕೆರೆಯ ಕೆಳಗೆ ಗದ್ದೆಯಿದೆ. ಅದರ ಮೀನು ಹರಾಜಿನ ದುಡ್ಡಿನ ಮೇಲೆ ಕೆಲವು ಮನೆ ನಡೆಯುತ್ತವೆ. ಒಮ್ಮೆ ಗಿಡ ಕೆರೆಗೆ ಇಳಿದರೆ ಜೆಸಿಬಿ ತರಿಸಬೇಕು, ಬಿಲ್ಲಿಗೆ ಪಂಚಾಯಿತಿ ಸುತ್ತಬೇಕು, ಮುಂದಿನ ವರ್ಷ ಮತ್ತೆ ಅದೇ.

ಮೊನ್ನೆ ಕೆರೆ ಏರಿಯ ಮೇಲೆ ದೊಡ್ಡಪ್ಪನ ಜೊತೆ ನಡೆದು ಹೋದೆ. ಹಳ್ಳ ಕೆರೆಗೆ ಸೇರುವ ಜಾಗದಲ್ಲಿ ಅವರು ಬಗ್ಗಿ ನೋಡಿದರು. ಒಂದು ನೇರಳೆ ಹೂವಿನ ಗಿಡ ಜೊಂಡಿಗೆ ಸಿಕ್ಕಿಕೊಂಡು ನಿಂತಿತ್ತು. ನಮ್ಮದೋ, ಬೇರೆಯವರದೋ ತಿಳಿಯದು. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಬೇರು ಸಮೇತ ಕಿತ್ತು ನನ್ನ ಕೈಗೆ ಕೊಟ್ಟರು.

"ಮನೇಗೆ ತಗೊಂಡೋಗಿ ಒಣಗಿಸು" ಎಂದರು. "ನಾಳೆ ಇನ್ನೊಂದು ಸಲ ಬಂದು ನೋಡಾನ."